ಎರಡು ಬಟ್ಟಿನ ಗಾಯ

ಈ ಸಲ ಪಂಚಮಿ ಉಂಡಿ ಬಗ್ಗೆ ಬರೀತೀನಿ ಅಂತ ಹೋದ ತಿಂಗಳು ಹೇಳಿದ್ದೆ. ಶೇಂಗಾ ಹುರಿಯೂದು, ಬೆಲ್ಲದ ಪಾಕ ನೋಡೂದು ಎಲ್ಲಾ ಮುಂದಿನ ಸಲಕ್ಕ ಇಟ್ಟೀನಿ. ಯಾಕಂದ್ರ ನಮ್ಮ ವೈನಿ ಆಪರೇಶನ್ ಆದಾಗಿಂದ ದಿನಾ ನಾಕು ಫೋನ್ ಬರ್ತಾವ. ಮೌಶಿ ಕೇಳ್ತಾರ, ಕಾಕು ಕೇಳ್ತಾರ, ಎದುರು ಮನಿ ಅಕ್ಕಾರು ಕೇಳ್ತಾರ. ಎಲ್ಲಾರದೂ ಒಂದೇ ಪ್ರಶ್ನಿ: "ಬೆನ್ನಾಗ ಗಡ್ಡಿ ಅಂದ್ರು, ಐದೇ ದಿನಕ್ಕ ಮನಿಗೆ ಬಂದಾಳಂತ, ಗಾಯನೂ ಎರಡು ಬಟ್ಟಿನಷ್ಟೇ ಅದಂತ. ಹಂಗಂದ್ರ ದೊಡ್ಡದೇನೂ ಇರಲಿಲ್ಲ ಹೌದಲ್ಲೋ?" ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ಸೋತದ. ಅದಕ್ಕ ಒಂದೇ ಸಲ ಕೂತು ಬರದಬಿಡ್ತೀನಿ. ವೈನೀನೂ "ಬರಿ, ಯಾರಿಗರೆ ಉಪಯೋಗ ಆಗಲಿ. ನನ್ನ ಹೆಸರು ಮಾತ್ರ ಹಾಕಬ್ಯಾಡ" ಅಂದಾರ.

ಮೊದಲು ಇದು ಶುರು ಆದದ್ದು ಹೆಂಗ ಅಂತ ಹೇಳ್ತೀನಿ. ವೈನಿಗೆ 58 ವರ್ಷ. ಸಕ್ಕರಿ ಬ್ಯಾನಿ ಇಲ್ಲ, ಬಿಪಿ ಸ್ವಲ್ಪ ಅದ. ಬೆಳಗ್ಗೆ ಐದಕ್ಕ ಎದ್ದು ಅಂಗಳ ಕಸ ಹೊಡದು, ಥಳಿ ಹಾಕಿ, ರಂಗೋಲಿ ಹಾಕೋ ಹೆಣ್ಣುಮಗಳು. ಅಂಥಾವರಿಗೆ ಹೋದ ವರ್ಷ ದೀಪಾವಳಿ ಮುಂದ ಎದಿ ಕೆಳಗ ಬಿಗಿದಂಗ ಆಗಲಿಕ್ಕೆ ಹತ್ತಿತು. ದಪ್ಪ ಆಗೀನಿ, ಬ್ಲೌಸ್ ಬಿಗಿ ಆಗ್ಯಾವ ಅಂತ ತಿಳಕೊಂಡು ಟೇಲರ್ ಹತ್ರ ಎರಡು ಸಲ ಹೊಲಿಗಿ ಬಿಚ್ಚಿಸಿಕೊಂಡು ಬಂದ್ರು. ಸಡಲ ಬ್ಲೌಸ್ ಹಾಕಿಕೊಂಡ್ರೂ ಸುತ್ತಲೂ ಪಟ್ಟಿ ಬಿಗಿದಂಗ ಅನ್ನೂದು ಹೋಗಲಿಲ್ಲ.

ಸಂಕ್ರಾಂತಿ ಹೊತ್ತಿಗೆ ಎಡಗಾಲು ಭಾರ ಆತು. ಕಾಯಿಪಲ್ಯೆ ತರಲಿಕ್ಕೆ ಹೋದಾಗ ಎಡಗಾಲಿನ ಚಪ್ಪಲಿ ಜಾರಿ ಹಿಂದ ಉಳೀತಿತ್ತು, ಅವರಿಗೆ ಗೊತ್ತೇ ಆಗತಿರಲಿಲ್ಲ. "ಅಜ್ಜಿ, ನಿನ್ನ ಒಂದು ಚಪ್ಪಲಿ ಅಲ್ಲೇ ಬಿದ್ದದ" ಅಂತ ಮೊಮ್ಮಗಳು ಓಡಿಹೋಗಿ ತಂದುಕೊಟ್ಟಳು. ಮಾರಿ ತೊಳಕೊಳ್ಳೂ ಮುಂದ ಕಣ್ಣು ಮುಚ್ಚಿದ್ರ ತೋಲ ತಪ್ಪಿ ಗ್ವಾಡಿ ಹಿಡಕೋತಿದ್ರು. ಝಳಕಕ್ಕ ಕೂತಾಗ ಎಡಗಾಲಿಗೆ ಬಿಸಿನೀರು ಸುಡತಿತ್ತು, ಬಲಗಾಲಿಗೆ ಅದೇ ನೀರು ಉಗುರು ಬೆಚ್ಚಗ ಅನ್ನಸತಿತ್ತು. ನೆಲದ ಮ್ಯಾಲೆ ನಡದ್ರೂ ಹತ್ತಿ ಮ್ಯಾಲೆ ಕಾಲಿಟ್ಟಂಗ. ಇಷ್ಟೆಲ್ಲಾ ಆಗಲಿಕತ್ತಿತ್ತು, ಆದ್ರ ಮೈತುಂಬ ನೋವು ಅನ್ನೂದು ಇರಲಿಲ್ಲ. ನೋವಿಲ್ಲ ಅಂದ್ರ ನಮ್ಮ ಹೆಣ್ಣುಮಕ್ಕಳು ಅದನ್ನ ಬ್ಯಾನಿ ಅಂತ ಲೆಕ್ಕಕ್ಕೇ ಹಿಡಿಯೂದಿಲ್ಲ ನೋಡ್ರಿ. ಯಾರಿಗೂ ಹೇಳಲಿಲ್ಲ. ಹೇಳಿದ್ದು ಬರೇ "ಮೊಣಕಾಲು ಸ್ವಲ್ಪ ಹಿಡೀತಾವ" ಅಂತ.

ಮೊಣಕಾಲು ಅಂದಮ್ಯಾಲೆ ಮೊಣಕಾಲಿನ ಎಕ್ಸ್‌ರೇ ಆತು. ಶಕ್ತಿ ಇಂಜೆಕ್ಷನ್ ಆದವು, ಎಣ್ಣಿ ತಿಕ್ಕಿದ್ದಾತು, ಬೆಲ್ಟ್ ಕಟ್ಟಿದ್ದಾತು. ಒಂದು ದವಾಖಾನ್ಯಾಗ ನಡುವಿನ ಎಂಆರ್‌ಐ ಮಾಡಿ "ಡಿಸ್ಕ್ ಸ್ವಲ್ಪ ಸವದದ, ವಯಸ್ಸಿಗೆ ಎಲ್ಲಾರಿಗೂ ಆಗೂದೇ" ಅಂದು ಕಳಿಸಿದ್ರು. ಆ ಮಾತು ಸುಳ್ಳಲ್ಲ, ಐವತ್ತು ದಾಟಿದವರ ನಡುವಿನ ಚಿತ್ರ ತಗದ್ರ ಹೆಚ್ಚೂಕಡಿಮಿ ಎಲ್ಲಾರದೂ ಸವದೇ ಇರ್ತದ. ಆದ್ರ ವೈನಿ ತ್ರಾಸಿನ ಬೇರು ಅಲ್ಲಿ ಇರಲೇ ಇಲ್ಲ.

ಯುಗಾದಿ ಆದಮ್ಯಾಲೆ ನರರೋಗದ ಡಾಕ್ಟರ್ ಹತ್ರ ಹೋದ್ವಿ. ಅವರು ಮೊದಲು ಹಳೇ ರಿಪೋರ್ಟ್ ನೋಡಲಿಲ್ಲ, ವೈನಿನ್ನ ನಡದು ತೋರಸ್ರಿ ಅಂದ್ರು. ಆಮ್ಯಾಲೆ ಮಲಗಿಸಿ ಮೊಣಕಾಲಿಗೆ ಸಣ್ಣ ಸುತ್ತಿಗಿಲೆ ಬಡದ್ರು, ಕಾಲು ಝಟ್ ಅಂತ ಜಿಗೀತು. ಅಂಗಾಲಿನ ಮ್ಯಾಲೆ ಕೀಲಿಕೈಯಿಂದ ಗೀರಿದ್ರು, ಹೆಬ್ಬೆರಳು ಕೆಳಗ ಮಡಚೂ ಬದಲಿ ಮ್ಯಾಲೆ ಎದ್ದಿತು. ಕಡೀಕ ಒಂದು ಪಿನ್ನು ತಗೊಂಡು ಕಾಲಿಂದ ಹೊಟ್ಟಿ ತನಕ ಮುಟ್ಟಿಸಿಕೋತ ಬಂದು "ಚುಚ್ಚೂದು ಸರಿಯಾಗಿ ಎಲ್ಲಿಂದ ತಿಳೀತದ ಹೇಳ್ರಿ" ಅಂದ್ರು. ಬ್ಲೌಸಿನ ಅಂಚಿನ ಹತ್ರ ಬಂದಾಗ ವೈನಿ "ಹಾಂ, ಇಲ್ಲಿಂದ" ಅಂದ್ರು. ಡಾಕ್ಟರ್ ಅಲ್ಲೇ ಪೆನ್ನಿಲೆ ಒಂದು ಗೆರಿ ಹಾಕಿ, "ಇದು ಮೊಣಕಾಲಲ್ಲ, ನಡುನೂ ಅಲ್ಲ. ಎದಿ ಹಿಂದಿನ ಬೆನ್ನಿನ ಎಂಆರ್‌ಐ ಆಗಬೇಕು" ಅಂತ ಚೀಟಿ ಬರದ್ರು.

ನಡುವಿನ ಚಿತ್ರದಾಗ ಯಾಕ ಕಾಣಲಿಲ್ಲ ಅಂತ ನಾ ಕೇಳಿದೆ. ಅವರು ಹೇಳಿದ್ದನ್ನ ನಮ್ಮ ಭಾಷಾದಾಗ ಹೇಳ್ತೀನಿ. ಬೆನ್ನೆಲುಬು ಅಂದ್ರ 33 ಮಣಿ ಪೋಣಿಸಿದ ಸರ ಇದ್ದಂಗ. ಕುತ್ತಿಗ್ಯಾಗ 7, ಎದಿ ಹಿಂದ 12, ನಡುವಿನಾಗ 5, ಅದರ ಕೆಳಗಿನವು ಒಂದಕ್ಕೊಂದು ಕೂಡಿಕೊಂಡವು. ಈ ಮಣಿಗಳ ನಡುವಿನ ಕೊಳವಿಯೊಳಗ ಕಿರುಬೆರಳಿನಷ್ಟು ದಪ್ಪ ಬೆನ್ನುಹುರಿ ಇಳೀತದ. ಮಿದುಳಿಂದ ಕಾಲಿಗೆ, ಕಾಲಿಂದ ಮಿದುಳಿಗೆ ಹೋಗೋ ಸುದ್ದಿ ಎಲ್ಲಾ ಅದರಾಗೇ. ಆದ್ರ ಆ ಹುರಿ ಬಾಲದ ತನಕ ಇರೂದಿಲ್ಲ, ನಡುವಿನ ಮೊದಲನೇ, ಎರಡನೇ ಮಣಿ ಹತ್ರಾನೇ ಮುಗೀತದ. ಅಲ್ಲಿಂದ ಕೆಳಗ ಕುದರಿ ಬಾಲದಂಗ ಬರೇ ನರದ ಎಳಿ. ಎದಿ ಹಿಂದ ಹುರಿ ಒತ್ತಿತು ಅಂದ್ರ ತ್ರಾಸು ಕಾಲಾಗ ಕಾಣಸ್ತದ, ಚಿತ್ರ ಮಾತ್ರ ಎದಿ ಹಿಂದೇ ತಗೀಬೇಕು. ನಲ್ಲಿಯಾಗ ನೀರು ಸಣ್ಣಗ ಬರಲಿಕತ್ತದ ಅಂತ ನಲ್ಲಿನೇ ಬದಲಿ ಮಾಡಿಕೋತ ಕೂತ್ರ ಆಗೂದಿಲ್ಲಲ್ಲ, ಮ್ಯಾಲಿನ ಪೈಪಿನಾಗ ಎಲ್ಲಿ ಒತ್ತ್ಯದ ನೋಡಬೇಕು.

ಎಂಆರ್‌ಐ ಅಂದ್ರ ದೊಡ್ಡ ಅಯಸ್ಕಾಂತ. ಮೈಮ್ಯಾಲೆ ಲೋಹ ಇರಬಾರದು. ಪಿನ್ನು, ಬಳಿ, ಮೂಗುಬಟ್ಟು, ಕಾಲುಂಗುರ, ತಾಳಿ ಎಲ್ಲಾ ತಗೀರಿ ಅಂದಾಗ ವೈನಿ ತಾಳಿ ಮ್ಯಾಲೆ ಕೈಯಿಟ್ಟು ಸುಮ್ಮನ ನಿಂತಬಿಟ್ರು. ಮೂವತ್ತಾರು ವರ್ಷದಾಗ ಒಮ್ಮೆನೂ ತಗದಿದ್ದಿಲ್ಲ. ನಮ್ಮಣ್ಣ ಹತ್ರ ಬಂದು, "ತಗಿ, ನಾ ಇಲ್ಲೇ ಕೂತಿರ್ತೀನಿ, ಹೊರಗ ಬಂದ ಕೂಡಲೇ ನಾನೇ ಕಟ್ತೀನಿ" ಅಂದ. ಹೋಗೋದಿದ್ದವರು ಮನ್ಯಾಗೇ ಒಂದು ಅರಿಷಿಣದ ದಾರ ಕೊರಳಿಗೆ ಹಾಕಿಕೊಂಡು ಹೋಗ್ರಿ, ಅದಕ್ಕ ಯಾರೂ ಬ್ಯಾಡ ಅನ್ನೂದಿಲ್ಲ. ಮೈಯಾಗ ಪೇಸ್‌ಮೇಕರ್, ಕ್ಲಿಪ್ಪು, ರಾಡು ಏನಿದ್ರೂ ಮೊದಲೇ ಹೇಳ್ರಿ.

ಚಿತ್ರದಾಗ ಎದಿ ಹಿಂದಿನ 6ನೇ ಮಣಿ ಹತ್ರ, ಹುರಿಗೆ ಎಡಗಡೆಯಿಂದ ಒತ್ತಿಕೊಂಡು, ಅವರಿಕಾಳಿನಗಿಂತ ಸ್ವಲ್ಪ ದೊಡ್ಡ ಗಡ್ಡಿ ಕಂಡಿತು. ಇಂಜೆಕ್ಷನ್ ಕೊಟ್ಟು ತಗದ ಚಿತ್ರದಾಗ ಅದು ದೀಪ ಹಚ್ಚಿದಂಗ ಬೆಳ್ಳಗ ಹೊಳೀತಿತ್ತು. ಹುರಿ ಪಾಪ ಬಲಗಡೆ ಗ್ವಾಡಿಗೆ ಅಂಟಿಕೊಂಡು ಬಿದಿಗಿ ಚಂದ್ರನಂಗ ಆಗಿತ್ತು. "ಮೆನಿಂಜಿಯೋಮಾ ಇದ್ದಂಗ ಅದ" ಅಂದ್ರು.

ಗಡ್ಡಿ ಅಂದ ಕೂಡಲೇ ಎಲ್ಲಾರೂ ಕ್ಯಾನ್ಸರ್ ಅಂತಾನೇ ತಿಳೀತೀವಿ. ಹಂಗಿಲ್ಲ. ಬೆನ್ನಿನ ಗಡ್ಡಿ ಮೂರು ಥರ ಇರ್ತಾವ. ಒಂದು, ಹುರಿ ಸುತ್ತ ಇರೋ ಚೀಲದ ಹೊರಗ, ಎಲುಬಿನ ಕಡೆ ಬರೋದು. ಇದರಾಗ ಹೆಚ್ಚಿನವು ಬ್ಯಾರೆ ಕಡೆ ಇದ್ದ ಕ್ಯಾನ್ಸರ್ ಹರಡಿ ಬಂದವು, ಎದೀದು, ಪುಪ್ಪುಸದ್ದು ಹಿಂಗ. ಎರಡನೇದು, ಚೀಲದ ಒಳಗ ಆದ್ರ ಹುರಿ ಹೊರಗ. ಮೆನಿಂಜಿಯೋಮಾ, ನರದ ಹೊದಿಕಿ ಮ್ಯಾಲೆ ಬೆಳೆಯೋ ಶ್ವಾನೋಮಾ ಇವು ಈ ಜಾತಿ. ಹೆಚ್ಚಾಗಿ ಸಾಧು ಗಡ್ಡಿ, ಸಾವಕಾಶ ಬೆಳೀತಾವ. ಮೂರನೇದು, ಹುರಿಯ ಒಳಗೇ ಹುಟ್ಟೋದು, ಅದು ಎಲ್ಲಕ್ಕಿಂತ ನಾಜೂಕು. ಬೆನ್ನಿನ ಮೆನಿಂಜಿಯೋಮಾ ಗಂಡಸರಿಗಿಂತ ಹೆಂಗಸರಿಗೇ ಭಾಳ ಬರ್ತದ, ಅದೂ ನಡುವಯಸ್ಸು ದಾಟಿದಮ್ಯಾಲೆ, ಅದೂ ಹೆಚ್ಚಾಗಿ ಎದಿ ಹಿಂದಿನ ಭಾಗದಾಗ. ಅಂದ್ರ ಸರಿಯಾಗಿ ನಮ್ಮ ವಯಸ್ಸಿನ, ನಮ್ಮಂಥಾ ಮಂದಿಗೆ. "ವಯಸ್ಸಾತು, ಮುಟ್ಟು ನಿಂತದ, ಮೊಣಕಾಲು ಹಿಡದಾವ" ಅಂತ ನಾವು ನಾವೇ ಸಮಾಧಾನ ಮಾಡಿಕೊಳ್ಳೋ ವಯಸ್ಸಿನಾಗೇ ಇದು ಬರ್ತದ. ಅದಕ್ಕೇ ಇಷ್ಟು ಬಿಡಿಸಿ ಬರೀಲಿಕತ್ತೀನಿ.

ಇಂಥಾ ಗಡ್ಡಿ ತಗಿಯೂದು ಹೊಸಾದಲ್ಲ. 1887ರಾಗ ಲಂಡನ್ನಿನಾಗ ವಿಕ್ಟರ್ ಹಾರ್ಸ್ಲಿ ಅನ್ನೋ ಸರ್ಜನ್ ಮೊದಲ ಸಲ ಬೆನ್ನುಹುರಿ ಒತ್ತಿದ್ದ ಗಡ್ಡಿ ತಗದು ಗೆದ್ರು. ಗಡ್ಡಿ ಎಲ್ಲದ ಅಂತ ಹೇಳಿದವರು ವಿಲಿಯಂ ಗೋವರ್ಸ್ ಅನ್ನೋ ಡಾಕ್ಟರ್. ಎಕ್ಸ್‌ರೇ ಕಂಡುಹಿಡದದ್ದೇ 1895ರಾಗ, ಅಂದ್ರ ಇನ್ನೂ ಎಂಟು ವರ್ಷ ಆಮ್ಯಾಲೆ. ಬರೇ ಮುಟ್ಟಿ, ಚುಚ್ಚಿ, ಬಡದು ನೋಡಿ ಇಂಥಾ ಮಣಿ ಹತ್ರ ಅದ ಅಂತ ಹೇಳಿದ್ರು. ಬೆನ್ನು ಬಿಚ್ಚಿದಾಗ ಮೊದಲು ಗಡ್ಡಿ ಸಿಗಲೇ ಇಲ್ಲ, ಇನ್ನೂ ಸ್ವಲ್ಪ ಮ್ಯಾಲಿನ ಎಲುಬು ತಗದಮ್ಯಾಲೆ ಸಿಕ್ಕಿತು. ಆ ರೋಗಿ ಮತ್ತ ನಡದಾಡೂವಂಗ ಆದ್ರು. ನಮ್ಮ ಡಾಕ್ಟರ್ ಪಿನ್ನು, ಸುತ್ತಿಗಿ ಹಿಡದು ಮಾಡಿದ ಪರೀಕ್ಷೆನೂ ಅದೇ ಹಾದಿದು. ಚಿತ್ರ ತಗಿಯೋ ಮಶೀನ್ ಎಷ್ಟೇ ದೊಡ್ಡದಿರಲಿ, ಎಲ್ಲಿ ತಗೀಬೇಕು ಅಂತ ಹೇಳೋ ಮನಿಷಾ ಬೇಕೇಬೇಕು.

ಇನ್ನ ಸಣ್ಣ ಗಾಯದ ಆಪರೇಶನ್ ವಿಷಯಕ್ಕ ಬರ್ತೀನಿ. ಮುಂಚಿಂದಲೂ ಮಾಡಿಕೋತ ಬಂದ ಆಪರೇಶನ್ನಿನಾಗ ಬೆನ್ನಿನ ನಟ್ಟನಡುವ ಒಂದು ಗೇಣಿನ ಹತ್ರ ಕೊಯ್ದು, ಎರಡೂ ಕಡೆ ಸ್ನಾಯು ಎಲುಬಿನಿಂದ ಬಿಡಿಸಿ ಸರಿಸಿ, ಮಣಿಗಳ ಹಿಂದಿನ ಛತ್ತು ತಗೀತಾರ. ಕೆಲಸ ಎಲ್ಲಾ ಕಣ್ಣೆದುರಿಗೆ ಅಗಲಕ ಕಾಣಸ್ತದ. ಆದ್ರ ಆ ಸ್ನಾಯು ಮತ್ತ ಕೂಡಿ ಗಟ್ಟಿ ಆಗಲಿಕ್ಕೆ ಭಾಳ ದಿನ ಬೇಕು, ನೋವೂ ಹೆಚ್ಚು. ಹೊಸಾ ಪದ್ಧತ್ಯಾಗ ನಡುವಿನಿಂದ ಸ್ವಲ್ಪ ಬಾಜೂಕ ಸುಮಾರು 3 ಸೆಂಟಿಮೀಟರ್ ಕೊಯ್ತಾರ. ಅದರಾಗಿಂದ ಮೊದಲು ಪೆನ್ಸಿಲ್‌ನಂಥಾ ಸಣ್ಣ ಕೊಳವಿ, ಅದರ ಮ್ಯಾಲೆ ಸ್ವಲ್ಪ ದಪ್ಪಂದು, ಅದರ ಮ್ಯಾಲೆ ಇನ್ನೂ ದಪ್ಪಂದು, ಹಿಂಗ ಒಂದರ ಮ್ಯಾಲೊಂದು ಇಳಿಸಿಕೋತ ಹೋಗ್ತಾರ. ಸ್ನಾಯು ಕೊಯ್ಯೂದಿಲ್ಲ, ಎಳಿ ಎಳಿ ಸರದು ಜಾಗಾ ಬಿಡ್ತಾವ. ಕೂದಲು ಬೈತಲಿ ತಗದಂಗ. ಕಡೀಕ ರೂಪಾಯಿ ನಾಣ್ಯದಷ್ಟು ಅಗಲದ ಕೊಳವಿ ಉಳೀತದ, ಅದರೊಳಗಿಂದ ಮೈಕ್ರೋಸ್ಕೋಪ್ ಹಿಡದು ನೋಡಿಕೋತ ಕೆಲಸ. ಇದನ್ನ ಅಮೆರಿಕಾದ ಕೆವಿನ್ ಫೋಲಿ ಮತ್ತ ಅವರ ಜೋಡಿಯವರು 1990ರ ದಶಕದಾಗ ಡಿಸ್ಕ್ ಆಪರೇಶನ್ ಸಲುವಾಗಿ ತಂದ್ರು, ಆಮ್ಯಾಲೆ ಬ್ಯಾರೆ ಬ್ಯಾರೆ ಸರ್ಜನ್‌ರು ಗಡ್ಡಿಗೂ ಅದೇ ಹಾದಿ ಹಿಡದ್ರು.

ನಮ್ಮ ಸರ್ಜನ್ ಬಾಯಿಬಿಟ್ಟು ಹೇಳಿದ ಒಂದು ಮಾತು ನೆನಪಿಟ್ಟುಕೊಳ್ರಿ. "ಗಾಯ ಸಣ್ಣದಾಗೂದು ನಿಮಗ ಲಾಭ. ಆದ್ರ ನನ್ನ ಮೊದಲನೇ ಕೆಲಸ ಗಡ್ಡಿ ಪೂರ್ತಿ ತಗಿಯೂದು, ಹುರಿಗೆ ಪೆಟ್ಟು ಆಗದಂಗ ನೋಡಿಕೊಳ್ಳೂದು. ಇವೆರಡೂ ಸಣ್ಣ ಗಾಯದಾಗ ಆಗೂಹಂಗಿದ್ರ ಸಣ್ಣದು, ಇಲ್ಲಂದ್ರ ನಡುವನೇ ದೊಡ್ಡದು ಮಾಡ್ತೀನಿ, ಅದಕ್ಕೂ ಈಗೇ ಸಹಿ ಮಾಡ್ರಿ" ಅಂದ್ರು. ಒಂದೆರಡು ಮಣಿಯಷ್ಟೇ ಉದ್ದ ಇರೋ, ಹುರಿ ಬಾಜೂಕ ಅಥವಾ ಹಿಂದ ಇರೋ ಗಡ್ಡಿಗೆ ಕೊಳವಿ ಹಾದಿ ಹೊಂದ್ತದ. ಭಾಳ ಉದ್ದನ್ನ ಗಡ್ಡಿ, ಹುರಿ ಮುಂದ ಅಡಗಿ ಕೂತದ್ದು, ಹುರಿಯೊಳಗ ಹಬ್ಬಿದ್ದು, ಸುಣ್ಣ ಕಟ್ಟಿ ಕಲ್ಲಾದದ್ದು, ಇವಕ್ಕ ಅಗಲಕ ಬಿಚ್ಚೂದೇ ಛಲೋ ಆಗಬಹುದು. ಹಂಗಾಗಿ ಯಾರಿಗರೆ ದೊಡ್ಡ ಗಾಯ ಮಾಡಿದ್ರ "ನಿಮ್ಮ ಡಾಕ್ಟರಿಗೆ ಹೊಸಾದು ಬರೂದಿಲ್ಲೇನು" ಅಂತ ಕೇಳಬ್ಯಾಡ್ರಿ. ಅವರ ಗಡ್ಡಿ ಬ್ಯಾರೆ, ಇವರ ಗಡ್ಡಿ ಬ್ಯಾರೆ.

ವೈನಿ ಆಪರೇಶನ್ ಬೆಂಗಳೂರಾಗ ಆತು. ಪೂರ್ತಿ ಮೈಮರಸಿ, ಬೋರಲಾಗಿ ಮಲಗಿಸಿ ಮಾಡ್ತಾರ. ಕೊಯ್ಯೂಕಿಂತ ಮೊದಲು ಅಲ್ಲೇ ಎಕ್ಸ್‌ರೇ ಮಶೀನ್ ತಂದು ಮಣಿ ಎಣಸ್ತಾರ. ಎದಿ ಹಿಂದಿನ ಮಣಿ ಎಲ್ಲಾ ಒಂದೇ ಥರ ಕಾಣಸ್ತಾವ, ಒಂದು ಹೆಚ್ಚುಕಡಿಮಿ ಎಣಿಸಿದ್ರ ಗಡ್ಡಿ ಇಲ್ಲದ ಕಡೆ ತಗದಂಗ ಆಗ್ತದ. ತಲಿಗೆ, ಕೈಗೆ, ಕಾಲಿಗೆ ಸಣ್ಣ ಸಣ್ಣ ಸೂಜಿ ಹಚ್ಚಿ, ಹುರಿಯಾಗ ಸುದ್ದಿ ಸರಿಯಾಗಿ ಹೋಗಲಿಕತ್ತದೋ ಇಲ್ಲೋ ಅಂತ ಒಬ್ಬರು ಕಂಪ್ಯೂಟರ್ ಮುಂದ ಕೂತು ಉದ್ದಕ್ಕೂ ನೋಡ್ತಿರ್ತಾರ. ಸುದ್ದಿ ಕಡಿಮಿ ಆತು ಅಂದ್ರ ಸರ್ಜನ್‌ಗೆ ಹೇಳ್ತಾರ, ಅವರು ಕೈ ತಡೀತಾರ. ಎಲುಬಿನ ಛತ್ತಿನಾಗ ಒಂದೇ ಬಾಜೂಕ ಸಣ್ಣ ಕಿಡಕಿ ಕೊರದು, ಹುರಿ ಸುತ್ತಿನ ಚೀಲ ಕೊಯ್ದು, ಗಡ್ಡಿ ಒಳಗಿಂದ ಸ್ವಲ್ಪ ಸ್ವಲ್ಪ ಖಾಲಿ ಮಾಡಿ ಸಣ್ಣದು ಮಾಡ್ತಾರ. ಆಮ್ಯಾಲೆ ಅದರ ಸಿಪ್ಪಿ ಹುರಿಯಿಂದ ಬಿಡಸ್ತಾರ. ಹುರಿನ್ನ ಎಳಿಯೂಹಂಗಿಲ್ಲ, ಒತ್ತೂಹಂಗಿಲ್ಲ. ಕಡೀಕ ಆ ಚೀಲಕ್ಕ ಕೂದಲಿನಂಥಾ ದಾರದಿಂದ ಹೊಲಗಿ. ಅದೂ ರೂಪಾಯಿ ಅಗಲದ ಕೊಳವ್ಯಾಗ, ಗೇಣುದ್ದದ ಹತ್ಯಾರ ಹಿಡಕೊಂಡು. ಯಾಕಂದ್ರ ಚೀಲದೊಳಗ ನೀರಿನಂಥಾ ದ್ರವ ಇರ್ತದ, ಹೊಲಗಿ ಸರಿ ಬೀಳಲಿಲ್ಲ ಅಂದ್ರ ಸೋರ್ತದ.

ಎಂಟೂವರಿಗೆ ಒಳಗ ಹೋದವರು ಹೊರಗ ಬಂದಾಗ ಮಧ್ಯಾಹ್ನ ಎರಡು ಹೊಡದಿತ್ತು. ಸರ್ಜನ್ ಬಂದು "ಪೂರ್ತಿ ಬಂದದ" ಅಂದ್ರು. ಅಣ್ಣ ಅಲ್ಲೇ ಕುರ್ಚಿ ಮ್ಯಾಲೆ ಕೂತು ಮಾರಿ ಮುಚ್ಚಿಕೊಂಡ. ವೈನಿಗೆ ಎಚ್ಚರ ಆದಮ್ಯಾಲೆ ನರ್ಸ್ "ಕಾಲು ಅಲ್ಲಾಡಸ್ರಿ" ಅಂದ್ರು, ಎರಡೂ ಕಾಲಿನ ಬೆರಳು ಅಲ್ಲಾಡಿದವು. ಎರಡು ದಿನ ಮಲಗೇ ಇರ್ರಿ ಅಂದ್ರು, ಮೂರನೇ ದಿನ ಎಬ್ಬಿಸಿ ನಿಲ್ಲಿಸಿದ್ರು, ಐದನೇ ದಿನ ಕಳಿಸಿದ್ರು. ಹತ್ತು ದಿನಕ್ಕ ಗಡ್ಡಿ ರಿಪೋರ್ಟ್ ಬಂತು: ಮೆನಿಂಜಿಯೋಮಾ, ಗ್ರೇಡ್ 1. ಕ್ಯಾನ್ಸರ್ ಅಲ್ಲ. ಒಂದು ವರ್ಷಕ್ಕ ಮತ್ತ ಎಂಆರ್‌ಐ ಮಾಡಿ ನೋಡಬೇಕು, ಇಂಥಾವು ಅಪರೂಪಕ್ಕ ಮತ್ತ ಬೆಳೀತಾವ.

ಇಲ್ಲಿ ತನಕ ಎಲ್ಲಾ ಛಲೋನೇ ಆತು. ತ್ರಾಸು ಶುರು ಆದದ್ದು ಮನಿಗೆ ಬಂದಮ್ಯಾಲೆ. ಅದಕ್ಕ ಕಾರಣನೂ ಆ ಎರಡು ಬಟ್ಟಿನ ಗಾಯಾನೇ.

ನಮ್ಮ ಮಂದಿ ಬ್ಯಾನಿ ಅಳಿಯೂದು ಗಾಯ ನೋಡಿ. ಹೊಟ್ಟಿ ಆಪರೇಶನ್ ಆಗಿ ಉದ್ದನ್ನ ಹೊಲಗಿ ಬಿದ್ದಿದ್ರ ಮೂರು ತಿಂಗಳು ಪಾಪ ಅಂತಾರ, ಕೈಯಾಗಿನ ತಂಬಗಿ ಕಸಗೋತಾರ. ವೈನಿ ಬೆನ್ನು ನೋಡಿದವರು "ಅಯ್ಯ, ಇಷ್ಟೇ ಏನು!" ಅಂದ್ರು. ಆ ಮಾತಿನಾಗ ಕೆಟ್ಟ ಮನಸ್ಸಿರಲಿಲ್ಲ, ಧೈರ್ಯ ಹೇಳಲಿಕ್ಕೇ ಅಂದದ್ದು. ಆದ್ರ "ಇಷ್ಟೇ" ಅನ್ನೂದು ದಿನಕ್ಕ ಹತ್ತು ಸಲ ಕಿವಿಗೆ ಬಿದ್ರ ಹೆಣ್ಣುಮಗಳು ಮಲಗಿರಲಿಕ್ಕೆ ನಾಚಿಕೋತಾಳ. ಹದಿಮೂರನೇ ದಿನಕ್ಕ ಯಾರೋ ಬಂದಾರ ಅಂತ ವೈನಿ ಎದ್ದು ಚಹಾಕ್ಕ ಇಟ್ರು. ಹದಿನೈದನೇ ದಿನಕ್ಕ ಹಿಟ್ಟಿನ ಡಬ್ಬಿ ಎಳದ್ರು. ಅಣ್ಣನೂ "ಗಾಯ ಒಣಗ್ಯದಲ್ಲ, ಸ್ವಲ್ಪ ಓಡಾಡಲಿ, ಛಲೋನೇ" ಅಂದ. ಅವನ ತಲ್ಯಾಗ ಓಡಾಡೂದು ಅಂದ್ರ ಅಂಗಳದಾಗ ನಾಕು ಹೆಜ್ಜಿ ಹಾಕೂದು. ಅಡಗಿಮನ್ಯಾಗ ಓಡಾಡೂದು ಅಂದ್ರ ಏನು ಅಂತ ಗಂಡಸರಿಗೆ ಹೆಂಗ ತಿಳೀಬೇಕು?

ಡಾಕ್ಟರ್ ನಮಗ ಹೇಳಿದ್ದು: ಆರು ವಾರ 5 ಕಿಲೋಕಿಂತ ಭಾರ ಎತ್ತಬ್ಯಾಡ್ರಿ, ಬಾಗಿ ತಿರುಗಬ್ಯಾಡ್ರಿ, ನೆಲಕ್ಕ ಕೂತು ಏಳಬ್ಯಾಡ್ರಿ. ವೈನಿ "ನಾ ಎಲ್ಲಿ ಭಾರ ಎತ್ತೀನಿ" ಅಂತಿದ್ರು. ಆಗ ಅವರ ಸೊಸಿ ಒಂದು ಶಾಣ್ಯಾತನ ಮಾಡಿದಳು. ಮೈತೂಕ ನೋಡೋ ಕಾಟಾ ಅಡಗಿಮನಿಗೆ ತಂದು, ವೈನಿ ದಿನಾ ಎತ್ತೋ ಸಾಮಾನು ಒಂದೊಂದೇ ಅದರ ಮ್ಯಾಲಿಟ್ಟಳು. ತುಂಬಿದ ತಾಮ್ರದ ಕೊಡ 14 ಕಿಲೋ. ಜ್ವಾಳದ ಹಿಟ್ಟಿನ ಡಬ್ಬಿ 11. ಒಗದ ಹಾಸಗಿ ಅರಿವಿ ಇದ್ದ ಬಕೆಟ್ 9. ಅನ್ನ, ಬ್ಯಾಳಿ ಎರಡೂ ಇಟ್ಟ ದೊಡ್ಡ ಕುಕ್ಕರ್ 6. ಮೊಮ್ಮಗಳು ತಾನೇ ಏರಿ ನಿಂತಳು, 19. ಇವನ್ನೆಲ್ಲಾ ಒಂದು ಹಾಳಿ ಮ್ಯಾಲೆ ಬರದು ಫ್ರಿಜ್ಜಿಗೆ ಅಂಟಿಸಿದಳು. ಅಣ್ಣ ಆ ಹಾಳಿ ಮುಂದ ಭಾಳ ಹೊತ್ತು ನಿಂತಿದ್ದ. ಮರುದಿನದಿಂದ ಕೊಡ ತುಂಬೂದು ಅವನ ಕೆಲಸ ಆತು. ಎರಡು ದಿನ ಪಡಸಾಲಿ ತುಂಬ ನೀರು ಚೆಲ್ಲಿದ, ಮೂರನೇ ದಿನಕ್ಕ ರೂಢಿ ಆತು.

ಚರ್ಮದ ಗಾಯ ಹದಿನೈದು ದಿನಕ್ಕ ಒಣಗ್ತದ. ಒಳಗ ಕೊರದ ಎಲುಬು ಅದ, ಹೊಲದ ಚೀಲ ಅದ, ಎಷ್ಟೋ ತಿಂಗಳು ಒತ್ತಿಸಿಕೊಂಡು ಸೊರಗಿದ ಹುರಿ ಅದ. ಹುರಿ ಚೇತರಿಸಿಕೊಳ್ಳೂದು ತಿಂಗಳುಗಟ್ಟಲೆ. ಅದಕ್ಕ ದಿನಾ ನಡಿಗಿ ಬೇಕು, ಫಿಸಿಯೋಥೆರಪಿ ಬೇಕು, ನಿದ್ದಿ ಬೇಕು. ಎದ್ದು ಕೂತಾಗ ಜಾಸ್ತಿ ಆಗಿ ಮಲಗಿದ್ರ ಕಡಿಮಿ ಆಗೋ ತಲಿನೋವು, ಗಾಯದಿಂದ ನೀರಿನಂಥಾದ್ದು ಸೋರೂದು, ಜ್ವರ, ಕಾಲಿನ ಶಕ್ತಿ ಕಡಿಮಿ ಆಗೂದು, ಮೂತ್ರ ಕಟ್ಟೂದು, ಇದರಾಗ ಒಂದು ಕಂಡ್ರೂ ಬೆಳಗಾಗಲಿ ಅಂತ ಕಾಯಬ್ಯಾಡ್ರಿ, ಆಗಿಂದಾಗ ಆಪರೇಶನ್ ಮಾಡಿದ ದವಾಖಾನಿಗೆ ಫೋನ್ ಹಚ್ಚರಿ. ಮಲಬದ್ಧತಿ ಆಗದಂಗೂ ನೋಡಿಕೊಳ್ಳಬೇಕು, ತಿಣುಕಿದ್ರ ಹೊಲಗಿಗೆ ಜಗ್ತದ. ಡಾಕ್ಟರ್ ಕೊಟ್ಟ ಔಷಧದ ಜೋಡಿ ನಮ್ಮ ಮನ್ಯಾಗ ರಾತ್ರಿ ನೆನಸಿದ ಅಂಜೂರ, ದ್ರಾಕ್ಷಿ ನಡದಾವ.

ಇನ್ನೊಂದು ಮಾತು, ಎದಿ ಕ್ಯಾನ್ಸರ್ ಆಗಿ ಗುಣ ಆದ ಅಕ್ಕ ತಂಗ್ಯಾರಿಗೆ. ನಿಮಗ ಹೊಸಾದಾಗಿ ಬೆನ್ನು ನೋವು ಬಂತು, ಅದೂ ರಾತ್ರಿ ಮಲಗಿದಾಗ ಹೆಚ್ಚಾಗ್ತದ ಅಂದ್ರ ಎಣ್ಣಿ ತಿಕ್ಕಿಸಿಕೋತ ಕೂಡಬ್ಯಾಡ್ರಿ, ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಆ ವಾರಾನೇ ಹೇಳ್ರಿ. ಕಾಲು ಸೋಲಲಿಕ್ಕೆ ಹತ್ತಿದ್ರ ಆ ದಿನಾನೇ ಹೋಗ್ರಿ. ಹರಡಿದ ಗಡ್ಡಿ ಹುರಿ ಒತ್ತಿದವರ ಮ್ಯಾಲೆ ಅಮೆರಿಕಾದಾಗ ಮಾಡಿದ ಒಂದು ಪರೀಕ್ಷಾ 2005ರಾಗ ಲ್ಯಾನ್ಸೆಟ್ ಪತ್ರಿಕ್ಯಾಗ ಬಂತು. ಬರೇ ರೇಡಿಯೇಶನ್ ಕೊಟ್ಟವರೊಳಗ ನೂರಕ್ಕ 57 ಮಂದಿ ಆಮ್ಯಾಲೆ ನಡದ್ರ, ಆಪರೇಶನ್ ಮಾಡಿ ರೇಡಿಯೇಶನ್ ಕೊಟ್ಟವರೊಳಗ ನೂರಕ್ಕ 84 ಮಂದಿ ನಡದ್ರು. ಅದು ಅಗಲಕ ಬಿಚ್ಚಿ ಮಾಡಿದ ಆಪರೇಶನ್. ಈಗ ಅಂಥಾವರಿಗೂ ಕೆಲವು ಸಲ ಸಣ್ಣ ಸಣ್ಣ ತೂತಿನಾಗಿಂದ ಸ್ಕ್ರೂ ಹಾಕೂದು, ಮುರದ ಮಣಿಗೆ ಸಿಮೆಂಟ್ ತುಂಬೂದು ಮಾಡ್ತಾರ. ಗಾಯ ಲಗೂ ಒಣಗಿದ್ರ ರೇಡಿಯೇಶನ್, ಕಿಮೋ ಲಗೂ ಶುರು ಮಾಡಬಹುದು. ಸಣ್ಣ ಗಾಯದ ದೊಡ್ಡ ಉಪಯೋಗ ಅಲ್ಲಿ ಅದ.

ಯಾರ ಮನ್ಯಾಗರೆ ಇಂಥಾ ಪ್ರಸಂಗ ಬಂತು ಅಂದ್ರ ಡಾಕ್ಟರಿಗೆ ನಾಕು ಪ್ರಶ್ನಿ ಕೇಳ್ರಿ. ಈ ಗಡ್ಡಿ ಯಾವ ಜಾತಿದು, ಹುರಿ ಒಳಗೋ ಹೊರಗೋ? ಸಣ್ಣ ಗಾಯದಾಗ ಪೂರ್ತಿ ತಗೀಲಿಕ್ಕೆ ಬರ್ತದೋ? ಇಂಥಾ ಆಪರೇಶನ್ ನೀವು ಎಷ್ಟು ಮಾಡೀರಿ? ಆಪರೇಶನ್ ಮುಂದ ನರ ನೋಡೋ ಮಶೀನ್ ಇರ್ತದೋ? ಕೇಳಿದ್ರ ಛಲೋ ಡಾಕ್ಟರ್ ಸಿಟ್ಟಾಗೂದಿಲ್ಲ. ನಮ್ಮವರು ಕಾಗದದ ಮ್ಯಾಲೆ ಚಿತ್ರ ಬರದು ತೋರಿಸಿದ್ರು, ಆ ಕಾಗದ ಅಣ್ಣ ಇನ್ನೂ ಇಟ್ಟಾನ.

ಆಪರೇಶನ್ ಆಗಿ ಇವತ್ತಿಗೆ ಏಳು ವಾರ. ಬ್ಲೌಸಿನ ಹತ್ರದ ಬಿಗಿತ ಪೂರ್ತಿ ಹೋಗ್ಯದ. ಬಲಗಾಲಿಗೆ ಬಿಸಿನೀರು ತಿಳೀಲಿಕತ್ತದ. ಎಡಗಾಲಿನ ಅಂಗಾಲು ಇನ್ನೂ ಜೋಮು ಹಿಡದಂಗ ಅದ, ಕತ್ತಲ್ಯಾಗ ಗ್ವಾಡಿ ಹಿಡದೇ ನಡೀತಾರ. ಅದು ಪೂರ್ತಿ ಬರ್ತದೋ, ಸ್ವಲ್ಪ ಉಳೀತದೋ ವರ್ಷ ಕಾದು ನೋಡಬೇಕು ಅಂದಾರ. ಪಂಚಮಿ ಉಂಡಿ ಈ ಸಲ ಸೊಸಿ ಕಟ್ಟಿದಳು, ವೈನಿ ಕುರ್ಚಿ ಮ್ಯಾಲೆ ಕೂತು ಪಾಕ ಹೇಳಿಕೊಟ್ರು. ಉಂಡಿ ಸ್ವಲ್ಪ ಬಿರುಸಾಗ್ಯಾವ, ಹಲ್ಲು ಗಟ್ಟಿ ಇದ್ದವರು ಬರ್ರಿ.

ನೋಡಲಿಕ್ಕೆ ಬರೋರು ನಾಕರ ಮ್ಯಾಲೆ ಬರ್ರಿ, ಮಧ್ಯಾಹ್ನ ಅವರು ಮಲಗಿರ್ತಾರ. ಬರೂ ಮುಂದ ಹಣ್ಣು ಹಂಪಲ ಬ್ಯಾಡ, ಒಂದು ಡಬ್ಬಿ ಪಲ್ಯಾ ಮಾಡಿ ತಂದ್ರ ಸೊಸಿಗೆ ಒಂದು ಹೊತ್ತಿನ ಕೆಲಸ ಉಳೀತದ. ಚಹಾ ಅಣ್ಣ ಮಾಡ್ತಾನ. ಸಕ್ಕರಿ ಜಾಸ್ತಿ ಹಾಕ್ತಾನ, ಸುಮ್ಮನ ಕುಡೀರಿ.